ದಂಡಯಾತ್ರೆಯ ವರ್ಣನೆಯೂ ಹೊಟ್ಟೂರಿನ ಕಲ್ಲೂ

ಕದರಮಂಡಲಗಿ ನನ್ನ ಊರು. ಕಾಂತೇಶನ ಊರೆಂದರೆ ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ಸೀಮೆಯವರಿಗೆಲ್ಲ ಗೊತ್ತು. ಇಲ್ಲಿಯ ಕಾಂತೇಶ, ಶಿಕಾರಿಪುರದ ಭ್ರಾಂತೇಶ, ಸಾತೇನಹಳ್ಳಿಯ ಶಾಂತೇಶ ಈ ಮೂವರು ಹನುಮಂತರಾಯರ ದರ್ಶನವನ್ನು ಒಂದೇ ದಿನದಲ್ಲಿ ಮುಗಿಸಿದರೆ ದೊಡ್ಡ ಪುಣ್ಯವೆಂದು ನಮ್ಮ ಕಡೆಯ ಜನ ನಂಬುತ್ತಾರೆ. ಕನಕದಾಸರ ನೆನಪೂ ಈ ಗುಡಿಯೊಡನೆ ಹೆಣೆದುಕೊಂಡಿದೆ. ದಂಡನಾಯಕನಾಗಿದ್ದವನು ರಣದಲ್ಲಿ ಗಾಯಗೊಂಡು ಬಿದ್ದು, ಬದುಕಿ ಎದ್ದಮೇಲೆ ಕತ್ತಿಯನ್ನು ಬಿಟ್ಟು ತಂಬೂರಿ ಹಿಡಿದನೆಂದು ನಮ್ಮೂರ ಹಿರಿಯರು ಹೇಳುವ ಕಥೆಯನ್ನು ಕೇಳುತ್ತಲೇ ನಾನು ದೊಡ್ಡವನಾದೆ. ಮುಂದೆ ಕನ್ನಡ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವವನಾದಾಗ ನನ್ನ ಪಾಲಿಗೆ ಬಂದದ್ದು ಹೆಚ್ಚಾಗಿ ಯುದ್ಧದ ಕಾವ್ಯಗಳೇ. ಪಂಪ, ರನ್ನ, ಕುಮಾರವ್ಯಾಸ ಇವರನ್ನು ಬಿಟ್ಟರೆ ಪಠ್ಯಕ್ರಮದಲ್ಲಿ ಉಳಿಯುವುದೇನು?

ಈಚೆಗೊಮ್ಮೆ ಊರಿಗೆ ಹೋಗಿದ್ದೆ. ಮೆಣಸಿನಕಾಯಿಯ ಕಾಲ. ಕಣದಲ್ಲೆಲ್ಲ ಕೆಂಪು ಹಾಸು. ತೊಟ್ಟು ಮುರಿಯುತ್ತ ಕುಳಿತಿದ್ದ ನಮ್ಮ ಕಾಕಾ ಮಾತಿಗೆ ಮಾತು ಬಂದು, 2022ರ ಮಾರ್ಚ್ 1ರಂದು ಯುಕ್ರೇನಿನ ಖಾರ್ಕಿವ್ ನಗರದಲ್ಲಿ ರಷ್ಯದ ದಾಳಿಗೆ ಸಿಕ್ಕು ತೀರಿಹೋದ ವೈದ್ಯಕೀಯ ವಿದ್ಯಾರ್ಥಿಯ ಸುದ್ದಿಯನ್ನು ತೆಗೆದರು. ಆ ಹುಡುಗ ನಮ್ಮ ನೆರೆಯ ರಾಣೆಬೆನ್ನೂರು ತಾಲೂಕಿನವನು. ಅಂದು ಮಹಾಶಿವರಾತ್ರಿ. ಊಟದ ಸಾಮಾನು ತರಲೆಂದು ಹೊರಬಿದ್ದು ಅಂಗಡಿಯ ಮುಂದಿನ ಸಾಲಿನಲ್ಲಿ ನಿಂತಿದ್ದಾಗ ಸಾವು ಬಂತು. ದೇಹ ಊರಿಗೆ ಬರಲು ಸುಮಾರು ಮೂರು ವಾರ ಹಿಡಿಯಿತು. ಬಂದ ದೇಹವನ್ನು ಮನೆಯವರು ವೈದ್ಯಕೀಯ ಶಿಕ್ಷಣಕ್ಕೆಂದು ದಾನ ಮಾಡಿದರು. ಇಷ್ಟನ್ನೂ ಹೇಳಿ ಕಾಕಾ ನನ್ನ ಮುಖ ನೋಡಿ ಕೇಳಿದರು: "ಅಲ್ಲೋ ತಮ್ಮಾ, ನೀ ಹುಡುಗರಿಗೆ ದಿನಾ ಯುದ್ಧದ ಪದ್ಯಾ ಹೇಳ್ತಿ. ರೊಟ್ಟಿಗೆ ಪಾಳಿ ಹಚ್ಚಿ ನಿಂತು ಸತ್ತಾವ ಯಾರರ ಅದಾನೇನು ಆ ಪದ್ಯದಾಗ?"

ನಾನು ಆಗ ಏನೋ ಒಂದು ಹೇಳಿ ತಪ್ಪಿಸಿಕೊಂಡೆ. ಆದರೆ ಪ್ರಶ್ನೆ ಬೆನ್ನು ಬಿಡಲಿಲ್ಲ. ಬಲಿಷ್ಠ ರಾಜ್ಯವೊಂದು ನೆರೆಯ ನಾಡಿನ ಮೇಲೆ ಏರಿಹೋಗುವುದನ್ನು ನಮ್ಮ ಕವಿಗಳು ಸಾವಿರ ವರ್ಷಗಳಿಂದ ಬರೆದಿದ್ದಾರೆ. ಏಕೆ ಏರಿಹೋದರು, ಅದರಿಂದ ಏನಾಯಿತು ಎಂಬ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ಆ ಕಾವ್ಯಗಳನ್ನು ಓದಿದರೆ ನಮಗೆ ಸಿಗುವುದೇನು? ಈ ಲೇಖನ ಕಾಕಾನಿಗೆ ಕೊಡಬೇಕಾಗಿದ್ದ ಉತ್ತರ, ತಡವಾಗಿ.

ಮೊದಲು ಲಕ್ಷಣಗ್ರಂಥಗಳ ಮಾತು. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕೆಂದು ನಮ್ಮ ಹಿಂದಿನವರು ವಿಧಿಸಿದರು. ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಜಲಕ್ರೀಡೆ ಮೊದಲಾದವುಗಳ ಸಾಲಿನಲ್ಲಿಯೇ ಮಂತ್ರ, ದೂತ, ಪ್ರಯಾಣ, ಆಜಿ, ನಾಯಕಾಭ್ಯುದಯ ಎಂಬ ಐದು ಬರುತ್ತವೆ. ಮಂತ್ರವೆಂದರೆ ಅರಸನ ಆಲೋಚನೆ, ದೂತನೆಂದರೆ ನೆರೆಯವನಿಗೆ ಕಳಿಸುವ ಬೆದರಿಕೆ, ಪ್ರಯಾಣವೆಂದರೆ ದಂಡು ಹೊರಡುವುದು, ಆಜಿಯೆಂದರೆ ಕಾಳಗ, ನಾಯಕಾಭ್ಯುದಯವೆಂದರೆ ಗೆಲುವು. ಈ ಐದನ್ನು ಕ್ರಮವಾಗಿ ಇಟ್ಟರೆ ಒಂದು ದಂಡಯಾತ್ರೆಯ ಪೂರ್ಣ ಕಥೆಯಾಗುತ್ತದೆ. ಆದರೆ ದಂಡು ಹಾದುಹೋದ ಹಳ್ಳಿಗೆ ಈ ಹದಿನೆಂಟರಲ್ಲಿ ಸ್ಥಾನವಿಲ್ಲ. ಚಂದ್ರೋದಯವನ್ನು ಬಿಟ್ಟ ಕವಿಗೆ ಕೊರತೆ ಹೇಳುವ ಲಾಕ್ಷಣಿಕ, ಸುಟ್ಟ ಊರನ್ನು ಬಿಟ್ಟ ಕವಿಯನ್ನು ಕೇಳುವುದಿಲ್ಲ. ದಂಡಯಾತ್ರೆಯು ಕಾವ್ಯದ ಅಲಂಕಾರಗಳಲ್ಲಿ ಒಂದಾಗಿ ನಿಂತದ್ದು ಹೀಗೆ.

ಈ ಚೌಕಟ್ಟಿನೊಳಗೇ ಇದ್ದು ಅದನ್ನು ಒಳಗಿನಿಂದ ಪರೀಕ್ಷಿಸಿದವನು ಪಂಪ. 941ರಲ್ಲಿ ಮುಗಿದ ಆದಿಪುರಾಣದಲ್ಲಿ ಭರತನ ದಿಗ್ವಿಜಯವಿದೆ. ಆರು ಖಂಡಗಳನ್ನೂ ಗೆದ್ದ ಚಕ್ರವರ್ತಿ ತನ್ನ ಹೆಸರನ್ನು ಕೆತ್ತಿಸಬೇಕೆಂದು ವೃಷಭಾಚಲಕ್ಕೆ ಹೋದರೆ ಅಲ್ಲಿ ಜಾಗವೇ ಇಲ್ಲ. ಹಿಂದೆ ಗೆದ್ದುಹೋದವರ ಹೆಸರುಗಳಿಂದ ಬಂಡೆ ತುಂಬಿದೆ. ಒಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಯಿಸಬೇಕಾಯಿತು. ಆಮೇಲೆ ಅಯೋಧ್ಯೆಗೆ ಮರಳಿದಾಗ ಚಕ್ರರತ್ನ ಊರ ಹೊರಗೆ ನಿಂತುಬಿಡುತ್ತದೆ. ಏಕೆ? ತಮ್ಮಂದಿರು ಇನ್ನೂ ತಲೆಬಾಗಿಲ್ಲ. ಪೌದನಪುರದ ಬಾಹುಬಲಿ ಅಣ್ಣನಿಗೆ ಯಾವ ಅಪಕಾರವನ್ನೂ ಮಾಡಿದವನಲ್ಲ. ತಂದೆ ಕೊಟ್ಟ ನೆಲದಲ್ಲಿ ತನ್ನ ಪಾಡಿಗೆ ತಾನಿದ್ದಾನೆ. ಅವನ ತಪ್ಪೆಂದರೆ ಬಗ್ಗದೆ ಇದ್ದದ್ದು ಮಾತ್ರ.

ದಂಡೆತ್ತಿ ಹೋಗುವುದಕ್ಕೆ ಕಾರಣವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ಇನ್ನೊಂದು ಪ್ರಸಂಗ ಕನ್ನಡದಲ್ಲಿ ನನಗೆ ತೋರಿಲ್ಲ. ಭರತನಿಗೆ ನೆಲ ಬೇಕಾಗಿರಲಿಲ್ಲ, ಧನ ಬೇಕಾಗಿರಲಿಲ್ಲ. ಪಕ್ಕದಲ್ಲಿ ಒಬ್ಬನು ಬಾಗದೆ ನಿಂತಿರುವವರೆಗೆ ಅವನ ಚಕ್ರ ಮನೆಯೊಳಗೆ ಬರುವಂತಿರಲಿಲ್ಲ. ಕೇಳುವಾಗ ಬಳಸಿದ ಮಾತಾದರೂ ಯಾವುದು? ಅಣ್ಣತಮ್ಮಂದಿರೆಂಬ ಮಾತು. 2021ರ ಜುಲೈಯಲ್ಲಿ ರಷ್ಯದ ಅಧ್ಯಕ್ಷ ಪುಟಿನ್ ಒಂದು ದೀರ್ಘ ಲೇಖನವನ್ನು ಪ್ರಕಟಿಸಿ ರಷ್ಯನ್ನರೂ ಯುಕ್ರೇನಿಯರೂ ಒಂದೇ ಜನವೆಂದು ವಾದಿಸಿದರು. 2022ರ ಫೆಬ್ರುವರಿ 24ರಂದು ಸೈನ್ಯ ಗಡಿ ದಾಟಿತು. ನೆರೆಯವನನ್ನು ಪರಕೀಯನೆಂದು ಕರೆದು ಏರಿಹೋಗುವುದು ಒಂದು ರೀತಿ. ನಮ್ಮವನೇ ಎಂದು ಕರೆದು ಏರಿಹೋಗುವುದು ಇನ್ನೊಂದು ರೀತಿ. ಇಲ್ಲಿ ನೆರೆಯವನಿಗೆ ಬೇರೆಯಾಗಿ ಇರುವ ಹಕ್ಕೇ ಉಳಿಯುವುದಿಲ್ಲ. ಪಂಪ ಇದನ್ನು ಅರಿತಿದ್ದ. ಆದುದರಿಂದಲೇ ಅವನ ಮಂತ್ರಿಗಳು ನಡುವೆ ಬಂದು, ಸೇನೆಗಳು ಕಾದಬಾರದು, ನೀವಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ತೀರಿಸಿಕೊಳ್ಳಿರಿ ಎನ್ನುತ್ತಾರೆ. ಮೂರರಲ್ಲೂ ಗೆದ್ದ ತಮ್ಮ ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ಹೋಗುತ್ತಾನೆ.

ಇದು ಪಂಪನ ಕಾವ್ಯ ತಲುಪಿದ ಎತ್ತರ. ಆದರೆ ಎತ್ತರದಿಂದ ನೋಡಿದಾಗ ಕೆಳಗಿನದು ಕಾಣದೆ ಹೋಗುವುದೂ ಉಂಟು. ಮಂತ್ರಿಗಳು ಉಳಿಸಿದ್ದು ಎರಡು ಸೇನೆಗಳನ್ನು. ಆರು ಖಂಡಗಳ ದಿಗ್ವಿಜಯದಲ್ಲಿ ದಾರಿಯ ಊರುಗಳಿಗೆ ಏನಾಯಿತೆಂಬುದನ್ನು ಅವರೂ ಕೇಳಲಿಲ್ಲ, ಕವಿಯೂ ಹೇಳಲಿಲ್ಲ. ಅದನ್ನು ಹೇಳಿದ್ದು ಕಾವ್ಯವಲ್ಲ, ನಮ್ಮ ಜಿಲ್ಲೆಯ ಒಂದು ಕಲ್ಲು.

ಕದರಮಂಡಲಗಿಯಿಂದ ಬಹಳ ದೂರವಿಲ್ಲದ ಶಿಗ್ಗಾವಿ ತಾಲೂಕಿನ ಹೊಟ್ಟೂರಿನ ಶಾಸನ ಶಕ 929ರದು, ಎಂದರೆ ಕ್ರಿ.ಶ. 1007ರದು. ಕಲ್ಯಾಣ ಚಾಲುಕ್ಯರ ಇರಿವಬೆಡಂಗ ಸತ್ಯಾಶ್ರಯನ ಕಾಲ. ಚೋಳನೊಬ್ಬನು ಒಂಬತ್ತು ಲಕ್ಷದ ದಂಡಿನೊಡನೆ ಬಂದು ದೋಣೂರಿನಲ್ಲಿ ಬೀಡುಬಿಟ್ಟು, ನಾಡನ್ನೆಲ್ಲ ಕೊಳ್ಳೆಹೊಡೆದು, ಹೆಂಗಸರನ್ನೂ ಮಕ್ಕಳನ್ನೂ ಬ್ರಾಹ್ಮಣರನ್ನೂ ಕೊಂದು, ಹೆಣ್ಣುಮಕ್ಕಳನ್ನು ಸೆರೆಹಿಡಿದು ಅವರ ಕುಲವನ್ನು ಕೆಡಿಸಿದನೆಂದೂ, ಸತ್ಯಾಶ್ರಯನು ಅವನನ್ನು ಹಿಮ್ಮೆಟ್ಟಿಸಿ ಅವನ ವಸ್ತುವಾಹನಗಳನ್ನು ವಶಪಡಿಸಿಕೊಂಡನೆಂದೂ ಅದು ಹೇಳುತ್ತದೆ. ಆ ಚೋಳನು ರಾಜರಾಜನ ಮಗ ರಾಜೇಂದ್ರನೆಂದು ಇತಿಹಾಸಕಾರರು ಗುರುತಿಸಿದ್ದಾರೆ. ದೋಣೂರು ಈಗಿನ ವಿಜಯಪುರ ಜಿಲ್ಲೆಯಲ್ಲಿದೆ. ಕಾವೇರಿಯ ದಡದ ಅರಸನ ದಂಡು ಅಷ್ಟು ಉತ್ತರಕ್ಕೆ ಹೋಗಿತ್ತೆಂದರೆ ನಡುವಿನ ನಮ್ಮ ಸೀಮೆಯ ಗತಿಯನ್ನು ಊಹಿಸಿಕೊಳ್ಳಬಹುದು.

ಶಾಸನವೂ ಒಂದು ಸಾಹಿತ್ಯಪ್ರಕಾರವೇ; ಅದನ್ನೂ ವಿಮರ್ಶೆಯ ಕಣ್ಣಿನಿಂದಲೇ ಓದಬೇಕು. ಒಂಬತ್ತು ಲಕ್ಷವೆಂಬುದು ಎಣಿಸಿದ ಲೆಕ್ಕವಲ್ಲ. ಗೆದ್ದ ಅರಸನ ಗೆಲುವನ್ನು ಹಿರಿದುಮಾಡಲು ಸೋತವನ ದಂಡನ್ನು ಹಿರಿದುಮಾಡಿದ್ದಾರೆ. ಹೆಂಗಸರು, ಮಕ್ಕಳು, ಬ್ರಾಹ್ಮಣರು ಎಂಬ ಪಟ್ಟಿಯೂ ಧರ್ಮಶಾಸ್ತ್ರದ ಮಹಾಪಾತಕಗಳ ಪಟ್ಟಿಯನ್ನು ನೆನಪಿಗೆ ತರುತ್ತದೆ. ಹಾಗಾದರೆ ಇದೂ ಒಂದು ಸಿದ್ಧವರ್ಣನೆಯೆ? ನನಗೆ ಹಾಗೆ ತೋರುವುದಿಲ್ಲ. ಅರಸನ ಹೊಗಳಿಕೆಗೆ ಶತ್ರುವಿನ ಓಟವೊಂದೇ ಸಾಕಾಗಿತ್ತು. ಊರಿನ ಹೆಸರು, ಸೆರೆಹೋದ ಹೆಣ್ಣುಮಕ್ಕಳು ಬೇಕಾಗಿರಲಿಲ್ಲ. ಬೇಡದ ಕಡೆಯಲ್ಲಿ ಅವು ಬಂದಿರುವುದರಿಂದ, ನಾಡಿನ ಜನ ಮಾತಾಡಿಕೊಳ್ಳುತ್ತಿದ್ದುದು ಲಿಪಿಕಾರನ ಕಿವಿಗೆ ಬಿದ್ದು ಹೊಗಳಿಕೆಯ ಸಂದಿಯಲ್ಲಿ ನುಸುಳಿತೆನ್ನಬೇಕಾಗುತ್ತದೆ. ಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಇಲ್ಲದ ಹತ್ತೊಂಬತ್ತನೆಯದು ಈ ಕಲ್ಲಿನಲ್ಲಿದೆ.

ಆದರೆ ಕಲ್ಲು ಪೂರ್ತಿ ಕಥೆಯನ್ನು ಹೇಳುವುದಿಲ್ಲ. ಚೋಳನು ಏಕೆ ಬಂದನು? ಇತಿಹಾಸವನ್ನು ತೆರೆದರೆ ನಾವು ತಲೆ ತಗ್ಗಿಸುವ ಸಂಗತಿಯೊಂದು ಎದುರಾಗುತ್ತದೆ. ಕೃಷ್ಣಾ ಗೋದಾವರಿಗಳ ನಡುವಿನ ಫಲವತ್ತಾದ ವೇಂಗಿಯ ಮೇಲೆ ಇಬ್ಬರ ಕಣ್ಣೂ ಇತ್ತು. 999ರ ಸುಮಾರಿಗೆ ರಾಜರಾಜನು ಶಕ್ತಿವರ್ಮನನ್ನು ವೇಂಗಿಯ ಗದ್ದುಗೆಗೆ ಏರಿಸಿ, ಅವನ ತಮ್ಮ ವಿಮಲಾದಿತ್ಯನಿಗೆ ತನ್ನ ಮಗಳು ಕುಂದವೆಯನ್ನು ಕೊಟ್ಟು ಆ ನಾಡನ್ನು ತನ್ನ ಕೈಯೊಳಗೆ ಮಾಡಿಕೊಂಡನು. ಪಕ್ಕದಲ್ಲಿ ಚೋಳನ ಬಲ ಬೆಳೆಯುವುದನ್ನು ಸಹಿಸದ ಸತ್ಯಾಶ್ರಯನು 1006ರಲ್ಲಿ ಸೇನಾನಿ ಬಯಲನಂಬಿಯನ್ನು ವೇಂಗಿಗೆ ಕಳಿಸಿದನು. ಧರಣಿಕೋಟೆ, ಯನಮಂಡಲದ ಕೋಟೆಗಳು ಸುಟ್ಟು ಬೂದಿಯಾದವು. ಗುಂಟೂರು ಸೀಮೆಯ ಚೇಬ್ರೋಲಿನಲ್ಲಿ ಕನ್ನಡ ದಂಡು ಬೀಡುಬಿಟ್ಟಿತು. ಅದಕ್ಕೆ ಪ್ರತಿಯಾಗಿ ರಾಜರಾಜನು ಮಗನನ್ನು ನಮ್ಮ ನಾಡಿನ ಮೇಲೆ ಬಿಟ್ಟನು. ಅಲ್ಲಿಯ ಕೋಟೆಗಳ ಸುತ್ತಲಿನ ಮನೆಗಳಲ್ಲಿ ಹೆಂಗಸರು ಮಕ್ಕಳು ಇರಲಿಲ್ಲವೆ? ಅವರ ವಿಷಯವನ್ನು ಹೊಟ್ಟೂರಿನ ಕಲ್ಲು ಹೇಳುವುದಿಲ್ಲ. ಪಂಪನ ಹಿರಿಯರ ನೆಲ ಅದೇ ವೇಂಗಿ ಎಂಬುದನ್ನು ನೆನೆದರೆ ಈ ಮೌನ ಇನ್ನೂ ಭಾರವಾಗುತ್ತದೆ.

ಎದುರು ಪಕ್ಷದ ಸಾಹಿತ್ಯವನ್ನೂ ನೋಡಬೇಕಷ್ಟೆ. ಚೋಳರ ಶಾಸನಗಳಲ್ಲಿ ನಮ್ಮ ನಾಡು ಇರಟ್ಟಪಾಡಿ ಏಳೂವರೆ ಲಕ್ಷವೆಂಬ ಒಂದು ಸಂಖ್ಯೆ. ಗೆದ್ದ ನಾಡುಗಳ ಪಟ್ಟಿಯಲ್ಲಿ ಬನವಾಸಿಯೂ ಒಂದು. ಸತ್ಯಾಶ್ರಯನನ್ನು ಗೆದ್ದು ಮರಳಿದ ರಾಜರಾಜನು ತಂಜಾವೂರಿನ ದೇವರಿಗೆ ಚಿನ್ನದ ಹೂಗಳನ್ನು ಅರ್ಪಿಸಿದನೆಂದು ಆ ಗುಡಿಯ ಶಾಸನವಿದೆ. 1010ರಲ್ಲಿ ಪೂರ್ಣಗೊಂಡ ಆ ಮಹಾದೇವಾಲಯವನ್ನು ನಾನೂ ಕೈಮುಗಿದು ನೋಡಿದ್ದೇನೆ. ಹೊಟ್ಟೂರಿನ ಓದುಗನಾಗಿ ಆ ಹೂಗಳ ನೆನಪು ಮಾತ್ರ ನನ್ನನ್ನು ಚುಚ್ಚದೆ ಬಿಡಲಿಲ್ಲ. ಮುಂದಿನ ಶತಮಾನದಲ್ಲಿ ತಮಿಳಿನ ಜಯಂಕೊಂಡಾರ್ ಕಲಿಂಗತ್ತುಪ್ಪರಣಿಯನ್ನು ಬರೆದನು. ಕಪ್ಪ ಕೊಡಲಿಲ್ಲವೆಂದು ಕಲಿಂಗದ ಮೇಲೆ ಕುಲೋತ್ತುಂಗನ ದಂಡು ಹೋದ ಕಥೆ ಅದು. ರಣರಂಗದಲ್ಲಿ ಪಿಶಾಚಿಗಳು ಹೆಣಗಳಿಂದ ಅಡಿಗೆ ಮಾಡಿ ಉಣ್ಣುವ ಅದರ ಭಾಗವನ್ನು ಬರಿಯ ಬೀಭತ್ಸವೆಂದು ತಳ್ಳಿಹಾಕಲಾಗದು. ಯುದ್ಧದಲ್ಲಿ ಹೊಟ್ಟೆ ತುಂಬುವುದು ಯಾರದೆಂಬುದನ್ನು ಅರಸನ ಹೊಗಳಿಕೆಯ ನಡುವೆಯೇ ಕವಿ ಕಾಣಿಸಿದ್ದಾನೆ.

ಈಗ ರನ್ನ. ಹೊಟ್ಟೂರಿನ ಕಲ್ಲು ಹೊಗಳುವ ಸತ್ಯಾಶ್ರಯನೇ ರನ್ನನ ಗದಾಯುದ್ಧದ ಭೀಮ. ಸಾಹಸಭೀಮವಿಜಯವೆಂಬ ಅದರ ಇನ್ನೊಂದು ಹೆಸರೇ ಇದನ್ನು ಸಾರುತ್ತದೆ. ಆಶ್ರಯದಾತನಿಗಾಗಿ ಕೊನೆಯಲ್ಲಿ ಪಟ್ಟಾಭಿಷೇಕವನ್ನೂ ಭೀಮನಿಗೇ ಮಾಡಿಸುತ್ತಾನೆ ಕವಿ. ಹೀಗೆ ಹೊರಟ ಕಾವ್ಯದಲ್ಲಿ ನಮ್ಮ ಮನಸ್ಸನ್ನು ಹಿಡಿಯುವವನು ಮಾತ್ರ ದುರ್ಯೋಧನ. ಬಿ.ಎಂ. ಶ್ರೀಕಂಠಯ್ಯನವರು ಈ ಕಾವ್ಯದಿಂದ ರುದ್ರನಾಟಕವನ್ನು ತೆಗೆದುಕೊಟ್ಟ ಮೇಲಂತೂ ಅವನ ದುರಂತ ನಾಯಕತ್ವದ ಚರ್ಚೆ ನಮ್ಮ ತರಗತಿಗಳಲ್ಲಿ ಸವೆದುಹೋಗಿದೆ. ನಾನೂ ವರ್ಷವರ್ಷವೂ ಅದನ್ನೇ ಬರೆಯಿಸಿದ್ದೇನೆ. ಕಾಕಾನ ಪ್ರಶ್ನೆಯ ನಂತರ ಅದೇ ಭಾಗವನ್ನು ತೆರೆದಾಗ ಬೇರೆ ಸಂಗತಿ ಕಂಡಿತು.

ದುರ್ಯೋಧನ ಸಂಜಯನ ಜೊತೆಗೆ ರಣರಂಗದಲ್ಲಿ ನಡೆಯುತ್ತಾನೆ. ಶರಶಯ್ಯೆಯ ಮೇಲಿನ ಭೀಷ್ಮನನ್ನು ಕಾಣುವುದು ಅವನ ಉದ್ದೇಶ. ದಾರಿಯುದ್ದಕ್ಕೂ ಹೆಣಗಳು. ನೆಲವನ್ನು ಹಂಚಿಕೊಡಲಾರೆನೆಂದು ಯುದ್ಧವನ್ನು ತಂದವನು ಅವನೇ. ಅವುಗಳ ನಡುವೆ ನಡೆಯಬೇಕಾದವನೂ ಅವನೇ. ಇಲ್ಲಿ ರನ್ನ ಕಾರಣವನ್ನೂ ಪರಿಣಾಮವನ್ನೂ ಒಂದೇ ಜೋಡಿ ಕಾಲಿಗೆ ಕಟ್ಟಿದ್ದಾನೆ. ದ್ರೋಣ, ದುಶ್ಶಾಸನ, ಕರ್ಣರನ್ನು ಕಂಡು ಅವನು ಅಳುವುದು ಸಹಜ. ಆದರೆ ಅಭಿಮನ್ಯುವನ್ನು ಕಂಡಾಗ? ಶತ್ರುವಿನ ಮಗ, ತನ್ನವರೇ ಸುತ್ತುಗಟ್ಟಿ ಕೊಂದ ಹುಡುಗ. ಅವನ ಮುಂದೆ ನಿಂತು ದುರ್ಯೋಧನ ಅವನ ಸಾಹಸವನ್ನು ಕೊಂಡಾಡಿ, ನನಗೂ ಇಂಥ ಸಾವು ಬರಲೆಂದು ಬೇಡುತ್ತಾನೆ. ಇನ್ನು ತನ್ನ ಮಗ ಲಕ್ಷಣಕುಮಾರನ ಹೆಣ. ಮಗನು ತಂದೆಗೆ ಎಳ್ಳುನೀರು ಬಿಡುವುದು ಲೋಕದ ಕ್ರಮ. ಈ ಕ್ರಮ ತಿರುಗಿ ತಂದೆಯೇ ಮಗನಿಗೆ ಬಿಡಬೇಕಾಯಿತಲ್ಲ ಎಂಬ ಸಂಕಟ ಅಲ್ಲಿದೆ. ಈ ಸಾಲುಗಳನ್ನು ಓದುವಾಗ ನನ್ನ ಕಣ್ಣೆದುರಿಗೆ ಬಂದದ್ದು ಕುರುಕ್ಷೇತ್ರವಲ್ಲ. ಮೂರು ವಾರ ಮಗನ ದೇಹಕ್ಕಾಗಿ ಕಾದ ನೆರೆತಾಲೂಕಿನ ಒಂದು ಮನೆ.

ಹಾಗಾದರೆ ಕಾಕಾನ ಪ್ರಶ್ನೆಗೆ ರನ್ನ ಉತ್ತರ ಕೊಟ್ಟನೆ? ಅರ್ಧ ಕೊಟ್ಟನೆಂದು ಹೇಳುತ್ತೇನೆ. ಕ್ರಮ ತಪ್ಪಿದ ಸಾವಿನ ದುಃಖವನ್ನು ಅವನಂತೆ ಹಿಡಿದವರು ವಿರಳ. ಆದರೆ ಅವನ ಹೆಣಗಳಿಗೆಲ್ಲ ಹೆಸರುಂಟು, ವಂಶವುಂಟು. ಅವರೆಲ್ಲ ಕಾದುವುದಕ್ಕೆಂದೇ ಬಂದವರು. ಹೊಟ್ಟೂರಿನ ಕಲ್ಲಿನ ಹೆಂಗಸರು ಮಕ್ಕಳು ಕಾದಲು ಬಂದವರಲ್ಲ. ಅವರಿಗೆ ಹೆಸರೂ ಇಲ್ಲ, ದುಃಖಿಸುವ ಅರಸನೂ ಇಲ್ಲ. ಒಂದೇ ಆಸ್ಥಾನದ ಎರಡು ಬರವಣಿಗೆಗಳಲ್ಲಿ ಕಾವ್ಯಕ್ಕೆ ದುಃಖ ಗೊತ್ತಿತ್ತು, ಜನ ಗೊತ್ತಿರಲಿಲ್ಲ. ಕಲ್ಲಿಗೆ ಜನ ಗೊತ್ತಿತ್ತು, ದುಃಖಿಸಲು ಪುರುಸೊತ್ತಿರಲಿಲ್ಲ. ಗದಾಯುದ್ಧದ ಕಾಲದ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಚೋಳರ ದಾಳಿಗೆ ಮುಂಚೆಯೇ ಅದು ಬರೆದದ್ದೆಂದು ವಾದಿಸಿ ರನ್ನನನ್ನು ಈ ಆಕ್ಷೇಪದಿಂದ ಬಿಡಿಸಬಹುದು. ಬಿಡಿಸಿರಿ. ಆಕ್ಷೇಪ ನನ್ನ ಮೇಲೆ, ಪಾಠ ಹೇಳುವವರ ಮೇಲೆ ಉಳಿಯುತ್ತದೆ. ಇಷ್ಟು ವರ್ಷ ನಾನು ಎರಡನ್ನೂ ಒಟ್ಟಿಗೆ ಓದಿಸಲಿಲ್ಲ. ಶಾಸನ ಒಂದು ಪತ್ರಿಕೆ, ಹಳಗನ್ನಡ ಕಾವ್ಯ ಇನ್ನೊಂದು ಪತ್ರಿಕೆ ಎಂದು ಬೇರೆ ಬೇರೆ ಗಂಟು ಕಟ್ಟಿಟ್ಟೆ.

ಆ ದಾಳಿಯಿಂದ ಮುಂದೆ ಏನಾಯಿತೆಂಬುದನ್ನೂ ಹೇಳಿಬಿಡುತ್ತೇನೆ. ಸೇಡು ಮೂರು ತಲೆಮಾರು ನಡೆಯಿತು. ರಾಜೇಂದ್ರನ ಮಗ ರಾಜಾಧಿರಾಜನು ಕಲ್ಯಾಣವನ್ನು ಸುಟ್ಟು ಅಲ್ಲಿಯ ದ್ವಾರಪಾಲಕನೊಬ್ಬನನ್ನು ಹೊತ್ತುಕೊಂಡು ಹೋದನು. ಆ ಸಂಗತಿಯನ್ನು ಕೆತ್ತಿದ ತಮಿಳು ಸಾಲಿನೊಡನೆ ಆ ಮೂರ್ತಿ ಈಗಲೂ ತಂಜಾವೂರಿನ ಸಂಗ್ರಹಾಲಯದಲ್ಲಿ ನಿಂತಿದೆ. 1054ರಲ್ಲಿ ಕೊಪ್ಪಂ ಕಾಳಗದಲ್ಲಿ ಆ ರಾಜಾಧಿರಾಜನೇ ಆನೆಯ ಮೇಲೆ ಸತ್ತನು. 1071-72ರ ಗಾವರವಾಡದ ಶಾಸನ ಬೆಳ್ವೊಲ ನಾಡಿನ ಬಸದಿಗಳನ್ನು ಚೋಳನು ಸುಟ್ಟದ್ದನ್ನೂ ಅವನು ಸೋಮೇಶ್ವರನಿಗೆ ತಲೆಯೊಪ್ಪಿಸಿದ್ದನ್ನೂ ಒಟ್ಟಿಗೆ ಹೇಳುತ್ತದೆ. ಆ ಸೋಮೇಶ್ವರನು 1068ರಲ್ಲಿ ವಾಸಿಯಾಗದ ರೋಗದಿಂದ ಬಳಲಿ ರಾಣೆಬೆನ್ನೂರಿನ ಆಚೆ ದಡದ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದನು. ಇಷ್ಟೆಲ್ಲಕ್ಕೆ ಕಾರಣವಾಗಿದ್ದ ವೇಂಗಿ ಕೊನೆಗೆ ಯಾರದಾಯಿತು? 1070ರಲ್ಲಿ ವೇಂಗಿಯ ರಾಜರಾಜ ನರೇಂದ್ರನ ಮಗನು, ರಾಜೇಂದ್ರ ಚೋಳನ ಮಗಳ ಮಗನು, ಕುಲೋತ್ತುಂಗನೆಂಬ ಹೆಸರಿನಿಂದ ಚೋಳರ ಗದ್ದುಗೆಯನ್ನೇ ಏರಿದನು. ವೇಂಗಿಯನ್ನು ನುಂಗಲು ಹೋದ ಮನೆತನದ ಪೀಠದ ಮೇಲೆ ವೇಂಗಿಯ ಕೂಸು ಕುಳಿತಿತು. ಅದೇ ರಾಜರಾಜ ನರೇಂದ್ರನ ಆಸ್ಥಾನದಲ್ಲಿ ನನ್ನಯ್ಯನು ತೆಲುಗು ಭಾರತವನ್ನು ಆರಂಭಿಸಿದನು. ಆ ನೆಲದಿಂದ ಉಳಿದುಬಂದದ್ದು ಅದು. ಸುಟ್ಟ ಕೋಟೆಗಳಿಂದ ಯಾರಿಗೂ ಏನೂ ಉಳಿಯಲಿಲ್ಲ.

ಸತ್ಯಾಶ್ರಯನಿಗೆ ತಿಗುಳಮಾರಿ ಎಂಬ ಬಿರುದು ಬಂದದ್ದು ಹೊಟ್ಟೂರಿನ ಕಲ್ಲಿನಲ್ಲಿಯೇ. ತಮಿಳರಿಗೆ ಮಾರಿಯಾದವನೆಂದು ಅರ್ಥ. ದಾಳಿಯ ಇನ್ನೊಂದು ಪರಿಣಾಮವನ್ನು ಈ ಒಂದು ಶಬ್ದದಲ್ಲಿ ಕಾಣಬಹುದು. ಬಂದದ್ದು ಒಬ್ಬ ಅರಸನ ದಂಡು. ಹಗೆ ಮಾತ್ರ ಒಂದು ಭಾಷೆಯ ಜನದ ಮೇಲೆಲ್ಲ ಹರಡಿತು. ಕಲ್ಲಿನ ನೋವನ್ನು ನೆನೆಯುವವರು ಈ ಬಿರುದನ್ನೂ ಹೆಮ್ಮೆಯಿಂದ ಎತ್ತಿಕೊಳ್ಳುವ ಆಸೆಯನ್ನು ಬಿಡಬೇಕು. ಇಲ್ಲದಿದ್ದರೆ ಹೊಟ್ಟೂರಿನ ಹೆಂಗಸರಿಗಾಗಿ ಅಳುತ್ತ ಚೇಬ್ರೋಲಿನ ಹೆಂಗಸರನ್ನು ಮತ್ತೆ ಮರೆತಂತಾಗುತ್ತದೆ.

ಕಾವ್ಯವನ್ನು ಕಾವ್ಯವಾಗಿ ಓದಬೇಕು, ವೀರರಸದ ಬಳಿಗೆ ಹೋಗಿ ಕಂದಾಯದ ಲೆಕ್ಕ ಕೇಳಬಾರದು ಎಂದು ನನ್ನ ಸಹೋದ್ಯೋಗಿ ಮಿತ್ರರೊಬ್ಬರು ಆಕ್ಷೇಪಿಸಿದರು. ಅವರ ಮಾತಿನಲ್ಲಿ ಸತ್ಯವಿದೆ. ರನ್ನನ ಓಜಸ್ಸಿಗೆ ಮೈನವಿರೇಳದಿದ್ದರೆ ಅವನನ್ನು ಪಾಠ ಹೇಳುವುದು ವ್ಯರ್ಥ. ಆದರೆ ಮೈನವಿರೆದ್ದ ಮೇಲೆ ತಿರುಗಿ ನೋಡುವ ಕೆಲಸ ಉಳಿದಿರುತ್ತದೆ, ಮತ್ತು ಅದನ್ನು ಮೊದಲು ಮಾಡಿದವನು ರನ್ನನೇ. ಅವನ ದುರ್ಯೋಧನ ಶತ್ರುವಿನ ಮಗನ ಮುಂದೆ ನಿಂತನು. ನಾವು ಅಲ್ಲಿಂದ ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗಿ ಊರೊಳಗೆ ನೋಡಿದರೆ ಕವಿಗೆ ದ್ರೋಹವೇನೂ ಆಗದು.

ಈ ವರ್ಷ ತರಗತಿಯಲ್ಲಿ ದುರ್ಯೋಧನವಿಲಾಪವನ್ನು ಮುಗಿಸಿದ ಮರುದಿನವೇ ಹೊಟ್ಟೂರಿನ ಶಾಸನದ ಪಾಠವನ್ನು ಹಲಗೆಯ ಮೇಲೆ ಬರೆದು ಓದಿಸಿದೆ. ಪರೀಕ್ಷೆಗೆ ಬರುವುದೇ ಎಂದು ಒಬ್ಬ ಹುಡುಗ ಕೇಳಿದ. ಬರುವುದಿಲ್ಲವೆಂದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ, ಸೆರೆಹೋದ ಆ ಹೆಣ್ಣುಮಕ್ಕಳು ಮರಳಿ ಬಂದರೆ ಎಂದು ಕೇಳಿದಳು. ಕಲ್ಲಿನಲ್ಲಿ ಅದಿಲ್ಲ, ಕಾವ್ಯದಲ್ಲಿಯೂ ಇಲ್ಲ. ಮುಂದಿನ ಸಲ ಊರಿಗೆ ಹೋದಾಗ ಕಾಕಾನಿಗೆ ನನ್ನ ಅರ್ಧ ಉತ್ತರದ ಜೊತೆಗೆ ಈ ಹುಡುಗಿಯ ಪ್ರಶ್ನೆಯನ್ನೂ ಒಯ್ಯಬೇಕೆಂದಿದ್ದೇನೆ.